ಹಣ್ಣಿನ ಉಸಿರು ಮತ್ತು ಹೊದಿಕೆ: ಕಲ್ಪೆಟ್ಟದ ಬಾಳೆಗೊನೆಯ ನಿದರ್ಶನ

ಫಲವೊಂದರ ಬಾಳನ್ನು ಕನ್ನಡವು ಹಲವು ಪದಗಳಲ್ಲಿ ಗುರುತಿಸಿದೆ: ಹೀಚು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು. ಆಮೇಲಿನ ಅವಸ್ಥೆಗಳಿಗೆ ‘ಕಳಿ’, ‘ಕೊಳೆ’ ಎಂಬ ಕ್ರಿಯಾಪದಗಳಿವೆ. ಈ ಪದಸರಣಿಯಲ್ಲಿ ಕೊಯ್ಲಿಗೆ ಪ್ರತ್ಯೇಕ ಸ್ಥಾನವಿಲ್ಲ. ಕಾಯಿ ಮರದಲ್ಲಿದ್ದರೂ ಮನೆಯ ಮೂಲೆಯಲ್ಲಿದ್ದರೂ ಹಣ್ಣಾಗಬಲ್ಲದು ಎಂಬ ಅನುಭವ ಇದರ ಹಿಂದಿದೆ. ಕೊಯ್ಲೋತ್ತರ ವಿಜ್ಞಾನವೂ ಇಲ್ಲಿಂದಲೇ ಆರಂಭವಾಗುತ್ತದೆ: ಕೊಯ್ದ ಫಲ ಜೀವಂತವಾಗಿದೆ, ಅದು ಉಸಿರಾಡುತ್ತಿದೆ. ಅದನ್ನು ಸುತ್ತುವ ಹೊದಿಕೆ ಆ ಉಸಿರನ್ನು ಹೇಗೆ ನಿಯಂತ್ರಿಸುತ್ತದೆ ಎಂಬುದರ ಮೇಲೆ ಅದರ ತಾಜಾತನ ನಿಂತಿದೆ.

ನೆಲೆ

ಕೇರಳದ ವಯನಾಡು ಜಿಲ್ಲೆಯ ಕೇಂದ್ರವಾದ ಕಲ್ಪೆಟ್ಟವು ಕೋಳಿಕ್ಕೋಡಿನಿಂದ ಮೈಸೂರಿನ ಕಡೆಗೆ ಬರುವ ರಾಷ್ಟ್ರೀಯ ಹೆದ್ದಾರಿ 766ರ ಮೇಲಿದೆ. ಕನ್ನಡ ಶಾಸನಗಳು ಈ ಸೀಮೆಯನ್ನು ‘ಬಯಲ್ನಾಡು’ ಎಂದು ಕರೆದಿವೆ. ಇಲ್ಲಿ ಕಾಫಿ, ಕರಿಮೆಣಸುಗಳ ಜೊತೆಗೆ ನೇಂದ್ರ ಬಾಳೆಯೂ ರೈತರ ಮುಖ್ಯ ಆಸರೆ. ಗೊನೆಗಳು ಕೋಳಿಕ್ಕೋಡಿಗೆ ಹೊರಟರೆ ತಾಮರಶ್ಶೇರಿ ಘಾಟಿಯ 9 ಕಡಿದಾದ ತಿರುವುಗಳನ್ನು ಇಳಿಯಬೇಕು; ಮೈಸೂರಿಗೆ ಹೊರಟರೆ ಮುತ್ತಂಗ, ಬಂಡೀಪುರಗಳ ಕಾಡನ್ನು ದಾಟಬೇಕು. ವನ್ಯಜೀವಿಗಳ ರಕ್ಷಣೆಗಾಗಿ ಬಂಡೀಪುರದ ರಸ್ತೆಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿರ್ಬಂಧಿಸಲಾಯಿತು. ಸಂಜೆ ತಡವಾದ ಲಾರಿ ಇರುಳೆಲ್ಲ ಕಾಯಬೇಕು. ಲಾರಿ ನಿಂತರೂ ಗೊನೆಯ ಉಸಿರು ನಿಲ್ಲದು. ವರ್ಷವಿಡೀ ದುಡಿದ ರೈತನ ಪಾಲಿಗೆ ಈ ಕೆಲವು ಗಂಟೆಗಳು ಬೆಲೆಯನ್ನೇ ಬದಲಿಸಬಲ್ಲವು.

ಕೊಯ್ದ ಬಾಳೆಯಲ್ಲಿ ನಡೆಯುವುದೇನು?

ಗಿಡದಿಂದ ಬೇರ್ಪಟ್ಟ ಕಾಯಿಗೆ ಬೇರಿನ ನೀರಿಲ್ಲ, ಎಲೆಯ ಆಹಾರವಿಲ್ಲ. ಅದು ತನ್ನಲ್ಲಿ ಕೂಡಿಟ್ಟ ಪಿಷ್ಟ, ಸಕ್ಕರೆಗಳನ್ನೇ ಖರ್ಚುಮಾಡುತ್ತದೆ. ಗಾಳಿಯ ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಶಾಖವನ್ನು ಹೊರಬಿಡುತ್ತದೆ. ಜೊತೆಗೆ ಎಥಿಲೀನ್ ಎಂಬ ಅನಿಲವನ್ನೂ ಸೂಸುತ್ತದೆ. ಇದೇ ಹಣ್ಣಾಗುವಿಕೆಗೆ ಚಾಲನೆ ಕೊಡುವ ಸಸ್ಯಹಾರ್ಮೋನು. ಬಾಳೆ, ಮಾವು, ಹಲಸುಗಳಲ್ಲಿ ಹಣ್ಣಾಗುವ ವೇಳೆಗೆ ಉಸಿರಾಟವೂ ಎಥಿಲೀನೂ ಒಮ್ಮೆಲೇ ಏರುತ್ತವೆ. ಆದ್ದರಿಂದ ಇವನ್ನು ಬಲಿತ ಕಾಯಿಯಾಗಿಯೇ ಕೊಯ್ದು ದೂರಕ್ಕೆ ಕಳುಹಿಸಬಹುದು. ಅನಾನಸು, ಕೊಡಗಿನ ಕಿತ್ತಳೆಗಳಲ್ಲಿ ಇಂಥ ಏರಿಕೆಯಿಲ್ಲ. ಅವು ಗಿಡದಲ್ಲೇ ಪಕ್ವವಾಗಬೇಕು. ಹೊದಿಕೆಯ ಆಯ್ಕೆಗೆ ಈ ಭೇದವೇ ಆಧಾರ.

ಎರಡು ಹೊದಿಕೆ, ಎರಡು ಫಲ

ಹಳ್ಳಿಮನೆಗಳಲ್ಲಿ ಕಾಯಿಯನ್ನು ಒಣಹುಲ್ಲಿನಲ್ಲಿ ಮುಚ್ಚಿ ‘ಅಡೆ ಹಾಕುವ’ ಪದ್ಧತಿಯಿದೆ. ಹುಲ್ಲು ಶಾಖವನ್ನೂ ಕಾಯಿ ಸೂಸಿದ ಎಥಿಲೀನನ್ನೂ ಸ್ವಲ್ಪಮಟ್ಟಿಗೆ ಹಿಡಿದಿಡುತ್ತದೆ. ಆಮ್ಲಜನಕ ಮಾತ್ರ ಸಂದುಗಳಿಂದ ಒಳಬರುತ್ತಲೇ ಇರುತ್ತದೆ. ಹೀಗಾಗಿ ಕಾಯಿ ಬೇಗ ಹಣ್ಣಾಗುತ್ತದೆ.

ಅದೇ ಬಲಿತ ಹಸಿರು ಕಾಯಿಯನ್ನು ತೆಳುವಾದ ಪಾಲಿಥೀನ್ ಚೀಲದಲ್ಲಿಟ್ಟು ಬಾಯಿ ಕಟ್ಟಿದರೆ ಫಲ ಬೇರೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21ರಷ್ಟಿದೆ. ಕಾಯಿಯ ಉಸಿರಾಟದಿಂದಲೇ ಚೀಲದೊಳಗೆ ಆ ಪ್ರಮಾಣ ಇಳಿದು, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಇವೆರಡೂ ಶೇ. 2ರಿಂದ 5ರ ಆಸುಪಾಸಿನಲ್ಲಿ ನೆಲೆನಿಂತರೆ ಬಾಳೆಯ ಉಸಿರಾಟ ಮಂದವಾಗಿ, ಎಥಿಲೀನಿನ ಪ್ರಭಾವವೂ ಕುಗ್ಗುತ್ತದೆ. ನೀರಾವಿ ಒಳಗೇ ಉಳಿಯುವುದರಿಂದ ಸಿಪ್ಪೆ ಬಾಡದು, ತೂಕ ಇಳಿಯದು. ಪೊಟ್ಯಾಸಿಯಂ ಪರ್ಮಾಂಗನೇಟ್ ತುಂಬಿದ ಪುಟ್ಟ ಪೊಟ್ಟಣವನ್ನು ಚೀಲದಲ್ಲಿಟ್ಟರೆ ಅದು ಎಥಿಲೀನನ್ನು ನಾಶಮಾಡಿ ಹಸಿರನ್ನು ಇನ್ನಷ್ಟು ದಿನ ಉಳಿಸುತ್ತದೆ.

ಮುಚ್ಚುವ ಕ್ರಿಯೆ ಒಂದೇ. ಆದರೆ ಒಂದು ಹೊದಿಕೆ ಮಾಗುವಿಕೆಯನ್ನು ತ್ವರೆಗೊಳಿಸಿತು, ಇನ್ನೊಂದು ತಡೆಯಿತು. ಹೊದಿಕೆ ಯಾವುದನ್ನು ಒಳಗಿಟ್ಟುಕೊಂಡು ಯಾವುದನ್ನು ಹೊರಬಿಡುತ್ತದೆ ಎಂಬುದೇ ನಿರ್ಣಾಯಕ.

ಕಿತ್ತಳೆಯ ಸಮಸ್ಯೆ ಹೆಚ್ಚಾಗಿ ನೀರಿನದು. ಸಿಪ್ಪೆಯ ಮೇಲೆ ಮೇಣದ ತೆಳುಪದರ ಲೇಪಿಸಿದರೆ ಅದೇ ಹೊದಿಕೆಯಾಗುತ್ತದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಇಂಥ ಮೇಣಲೇಪನಗಳ ಮೇಲೆ ಕೆಲಸ ಮಾಡಿದೆ.

ಹೊದಿಕೆಯ ಮಿತಿಗಳು

1. ಆಮ್ಲಜನಕ ತೀರಾ ಇಳಿದರೆ ಹಣ್ಣು ಒಳಗೇ ಹುಳಿತು ಮದ್ಯದ ವಾಸನೆ ಬೀರುತ್ತದೆ. ಚೀಲದ ದಪ್ಪ, ರಂಧ್ರಗಳ ಸಂಖ್ಯೆ, ಹಣ್ಣಿನ ತೂಕ ಇವು ಪರಸ್ಪರ ಹೊಂದಿರಬೇಕು.

2. ಬಿಸಿಲಲ್ಲಿ ಕೊಯ್ದ ಬಿಸಿಗಾಯಿಯನ್ನು ಹಾಗೆಯೇ ಕಟ್ಟಿದರೆ ಚೀಲದ ಒಳಮೈಯಲ್ಲಿ ಹನಿಗಟ್ಟಿ ಬೂಷ್ಟು ಬೆಳೆಯುತ್ತದೆ. ಮೊದಲು ನೆರಳಿನಲ್ಲಿ ತಣಿಸುವುದು ಅಗತ್ಯ.

3. ಶೀತ ಹೆಚ್ಚಿದರೂ ಕೇಡು. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಾಳೆಯ ಸಿಪ್ಪೆ ಕಂದುಗಟ್ಟಿ, ಕಾಯಿ ಸರಿಯಾಗಿ ಮಾಗದು.

4. ಮಾಗಲು ತೊಡಗಿದ ಕಾಯಿಯನ್ನು ಚೀಲವು ಹಿಂದಕ್ಕೆ ತಿರುಗಿಸಲಾರದು. ಗುಂಪಿನಲ್ಲಿ ಒಂದು ಹಣ್ಣಾಗಿದ್ದರೂ ಅದರ ಎಥಿಲೀನ್ ಉಳಿದವನ್ನು ಎಬ್ಬಿಸುತ್ತದೆ.

ಪೆಟ್ಟು ಮತ್ತು ಪೆಟ್ಟಿಗೆ

ಅನಿಲದಷ್ಟೇ ಮುಖ್ಯವಾದುದು ಪೆಟ್ಟು. ಬರಿಗೊನೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಘಾಟಿಯ ಪ್ರತಿ ತಿರುವಿನಲ್ಲೂ ಕೆಳಗಿನ ಕಾಯಿಗಳು ಉಜ್ಜಿ ಜಜ್ಜುತ್ತವೆ. ಗಾಯಗೊಂಡ ಭಾಗ ಕಪ್ಪಾಗುವುದಷ್ಟೇ ಅಲ್ಲ, ಹೆಚ್ಚು ಎಥಿಲೀನನ್ನೂ ಸೂಸುತ್ತದೆ. ಅಂದರೆ ಗಾಯವೇ ಮಾಗುವಿಕೆಯನ್ನು ಮುಂದಕ್ಕೆ ತಳ್ಳುತ್ತದೆ. ಗೊನೆಗಳ ನಡುವೆ ಬಾಳೆಯ ಒಣಎಲೆಗಳನ್ನು ಹಾಸುವ ರೂಢಿಯ ಅರ್ಥ ಇದು. ಚಿಪ್ಪುಗಳನ್ನು ಬೇರ್ಪಡಿಸಿ, ಗಾಳಿರಂಧ್ರಗಳುಳ್ಳ ರಟ್ಟಿನ ಪೆಟ್ಟಿಗೆಯಲ್ಲೋ ಪ್ಲಾಸ್ಟಿಕ್ ಕ್ರೇಟಿನಲ್ಲೋ ಇಟ್ಟಾಗ ಮೇಲಿನ ಭಾರವನ್ನು ಪೆಟ್ಟಿಗೆಯ ಗೋಡೆ ಹೊರುತ್ತದೆ. ಪೆಟ್ಟಿಗೆಗೆ ಖರ್ಚಿದೆ; ಆ ಖರ್ಚು ರೈತನಿಗೆ ಮರಳಬೇಕಾದರೆ ಕಲೆಯಿಲ್ಲದ ಹಣ್ಣಿಗೆ ಮಾರುಕಟ್ಟೆ ಹೆಚ್ಚಿನ ಬೆಲೆ ಕೊಡಬೇಕು.

ಪದವಿಚಾರ

ಹಳಗನ್ನಡದ ‘ಪಣ್’ ಶಬ್ದವು ನಾಮಪದವೂ ಹೌದು, ‘ಹಣ್ಣಾಗು’ ಎಂಬರ್ಥದ ಕ್ರಿಯಾಪದವೂ ಹೌದು. ಪಕಾರ ಹಕಾರವಾಗಿ ಇಂದಿನ ‘ಹಣ್ಣು’ ಬಂದಿದೆ. ಮಲಯಾಳದ ‘ವಾೞ’, ‘ವಯಲ್’ ಪದಗಳಿಗೆ ಕನ್ನಡದಲ್ಲಿ ‘ಬಾಳೆ’, ‘ಬಯಲ್’ ಸಂವಾದಿಗಳು. ಪದಾದಿಯ ವಕಾರವು ಕನ್ನಡದಲ್ಲಿ ಬಕಾರವಾಗುವುದಕ್ಕೆ ಇವು ಉತ್ತಮ ನಿದರ್ಶನಗಳು. ವಯನಾಡು, ಬಯಲ್ನಾಡುಗಳ ಸಂಬಂಧವೂ ಇದರಿಂದ ಸ್ಪಷ್ಟವಾಗುತ್ತದೆ.

ಅಭ್ಯಾಸಕ್ಕೆ

1. ಅಡೆ ಹಾಕುವುದಕ್ಕೂ ಪಾಲಿಥೀನ್ ಚೀಲದಲ್ಲಿ ಕಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಕಾರಣಸಹಿತ ವಿವರಿಸಿ.

2. ಹಣ್ಣಿನ ಅವಸ್ಥೆಗಳನ್ನು ಸೂಚಿಸುವ ಪದಗಳನ್ನು ನಿಮ್ಮ ಊರಿನ ಆಡುನುಡಿಯಿಂದ ಸಂಗ್ರಹಿಸಿ, ಪ್ರತಿಯೊಂದಕ್ಕೂ ಒಂದು ವಾಕ್ಯ ರಚಿಸಿ.