ಹೊಗೆ, ದೂಳು ಮತ್ತು ನಮ್ಮ ಹೊಣೆ



ಕ್ಯಾನ್ಸರ್ ಬಂದ ಮನೆಗೆ ಹೋದಾಗ ಧರ್ಮಗುರುವಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: "ಬೀಡಿ ಮುಟ್ಟಿದವರಲ್ಲ, ಫಾದರ್. ಇವರಿಗೇಕೆ ಬಂತು? ದೇವರ ಶಿಕ್ಷೆಯೇ?"

ಅಲ್ಲ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಇಂಥದೇ ಪ್ರಶ್ನೆ ಕೇಳಿದಾಗ ಯೇಸುಸ್ವಾಮಿ ಅದನ್ನು ಒಪ್ಪಲಿಲ್ಲ (ಯೊವಾನ್ನ 9). ಒಬ್ಬರಿಗೆ ಈ ರೋಗ ಯಾವುದರಿಂದ ಬಂತೆಂದು ವೈದ್ಯರೂ ಎಷ್ಟೋ ಸಲ ಖಚಿತವಾಗಿ ಹೇಳಲಾರರು. ಆದರೆ ಕೆಲವು ವಸ್ತುಗಳ ನಡುವೆ ವರ್ಷಗಟ್ಟಲೆ ದುಡಿದವರಲ್ಲಿ ಅದು ಹೆಚ್ಚು ಎಂಬುದು ತಿಳಿದ ಸಂಗತಿ. 1775ರಲ್ಲಿಯೇ ಪರ್ಸಿವಲ್ ಪಾಟ್ ಎಂಬ ಲಂಡನ್ನಿನ ಶಸ್ತ್ರವೈದ್ಯರು, ಹೊಗೆಗೂಡು ಗುಡಿಸುವವರಿಗೆ ಬರುತ್ತಿದ್ದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ತೋರಿಸಿದರು.

ನಮ್ಮ ಸುತ್ತ ನೋಡೋಣ.

ಮೊದಲು ಅಡುಗೆಮನೆ. ಕಟ್ಟಿಗೆ ಒಲೆಯ ಹೊಗೆಯಿಂದ ಕ್ಯಾನ್ಸರ್ ಬರುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. 2012ರಲ್ಲಿ ಡೀಸೆಲ್ ಹೊಗೆಯನ್ನು, 2013ರಲ್ಲಿ ಹೊರಗಿನ ಕಲುಷಿತ ಗಾಳಿಯನ್ನು ಖಚಿತ ಕಾರಣಗಳ ಪಟ್ಟಿಗೆ ಸೇರಿಸಿದೆ. ಪ್ಲಾಸ್ಟಿಕ್ ಚೂರು ಹಾಕಿ ಒಲೆ ಹಚ್ಚುವುದಂತೂ ಇನ್ನೂ ಕೆಟ್ಟದ್ದು.

ಎರಡನೆಯದು ಹೊಲ. ಅಕ್ಕಿಆಲೂರಿನ ಸುತ್ತ ಭತ್ತ, ಹತ್ತಿ, ಗೋವಿನಜೋಳಕ್ಕೆ ಔಷಧಿ ಹೊಡೆಯುವ ಆಳನ್ನು ಗಮನಿಸಿರಿ: ಬರಿಗೈ, ಬರಿಗಾಲು. ಕೀಟನಾಶಕ ಮ್ಯಾಲಥಿಯಾನ್ ಮತ್ತು ಕಳೆನಾಶಕ ಗ್ಲೈಫೋಸೇಟ್ 2015ರಲ್ಲಿ 'ಸಂಭವವಿದೆ' ಎಂಬ ಪಟ್ಟಿಗೆ ಸೇರಿದವು. ಅಂಥ ಔಷಧಿಯ ಖಾಲಿ ಡಬ್ಬಿಯಲ್ಲಿ ನೀರು ತುಂಬಿಡುವವರೂ ಇದ್ದಾರೆ.

ಮೂರನೆಯದು ದೂಳು. ಕಲ್ಲು ಒಡೆಯುವಾಗ ಏಳುವ ಸಣ್ಣ ದೂಳೂ ಕಲ್ನಾರಿನ ಶೀಟು ಕೊಯ್ಯುವಾಗ ಹಾರುವ ಎಳೆಗಳೂ ಶ್ವಾಸಕೋಶ ಸೇರುತ್ತವೆ. ಕಲ್ನಾರಿನ ರೋಗ ಇಪ್ಪತ್ತು, ನಲವತ್ತು ವರ್ಷಗಳ ಬಳಿಕ ತಲೆಯೆತ್ತಬಹುದು. ಆದ್ದರಿಂದಲೇ 1995ರಲ್ಲಿ ಸುಪ್ರೀಂ ಕೋರ್ಟು, ಕಲ್ನಾರು ಕಾರ್ಮಿಕರ ಆರೋಗ್ಯದ ದಾಖಲೆಗಳನ್ನು 40 ವರ್ಷ ಕಾಪಾಡಬೇಕೆಂದು ಆಜ್ಞಾಪಿಸಿತು; ಕಾರ್ಮಿಕನ ಆರೋಗ್ಯವು ಅವನ ಬದುಕುವ ಹಕ್ಕಿನ ಭಾಗವೆಂದು ಸಾರಿತು.

ಈಗ ಆತ್ಮಶೋಧನೆ. ಬಡವನಿಗೆ "ಈ ಕೆಲಸ ಒಲ್ಲೆ" ಎನ್ನುವ ಸ್ವಾತಂತ್ರ್ಯ ಎಲ್ಲಿದೆ? ಹಾಗಾದರೆ ಹೊಣೆ ಯಾರದು? ಕೂಲಿ ಕೊಟ್ಟ ಮಾತ್ರಕ್ಕೆ ಆಳಿನ ಋಣ ತೀರದು. "ಕೊಲ್ಲಬೇಡ" ಎಂಬ ಐದನೆಯ ಕಟ್ಟಳೆ ಕೈಯಲ್ಲಿ ಕತ್ತಿ ಹಿಡಿದವನಿಗೆ ಮಾತ್ರವಲ್ಲ, ಪಂಪು ಹೊರಿಸಿ ಕೈಗವಸು ಕೊಡದವನಿಗೂ ಅನ್ವಯಿಸುತ್ತದೆ. ಅಡುಗೆಯ ಹೊಗೆಯಿಂದ ಬಡವರು ಪಡುವ ಪಾಡನ್ನು ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೋ ಸೀ' ವಿಶ್ವಪತ್ರದಲ್ಲಿ ನೆನಪಿಸಿದ್ದಾರೆ.

ಮನೆಯಲ್ಲಿ ಇಷ್ಟನ್ನು ಮಾಡಿರಿ: ಒಲೆಯ ಮೇಲೆ ಹೊಗೆ ಹೋಗಲು ಕಿಂಡಿ ಇಡಿರಿ, ಪ್ಲಾಸ್ಟಿಕ್ ಸುಡಬೇಡಿರಿ. ಗಾಳಿಗೆ ಎದುರಾಗಿ ಔಷಧಿ ಹೊಡೆಯಬೇಡಿರಿ; ಹೊಡೆದ ಮೇಲೆ ಮೈ ತೊಳೆದು ಬಟ್ಟೆ ಬದಲಿಸಿರಿ. ಖಾಲಿ ಡಬ್ಬಿಗೆ ತೂತು ಹೊಡೆದು ಹಾಳು ಮಾಡಿರಿ. ಕಲ್ಲಿನ ದೂಳಿಗೆ ನೀರು ಚಿಮುಕಿಸಿರಿ. ಮಾಯದ ಹುಣ್ಣು, ಬಿಡದ ಕೆಮ್ಮು, ಗಂಟು ಕಂಡರೆ ಹರಕೆ ಹೊತ್ತು ಕೂರದೆ ವೈದ್ಯರ ಬಳಿ ಹೋಗಿರಿ. ಹುಬ್ಬಳ್ಳಿಯ ನವನಗರದಲ್ಲೇ ಕ್ಯಾನ್ಸರ್ ಆಸ್ಪತ್ರೆಯಿದೆ. ಪ್ರಾರ್ಥನೆ ಮತ್ತು ಚಿಕಿತ್ಸೆ ಜೊತೆಜೊತೆಯಾಗಿ ಸಾಗಲಿ.

ಇಂದು ರಾತ್ರಿ ಜಪಸರದ ಬಳಿಕ ಮನೆಮಂದಿ ಕೂಡಿ ಯೋಚಿಸಿರಿ: ನಮಗಾಗಿ ಹೊಗೆ ಕುಡಿಯುತ್ತಿರುವವರು ಯಾರು? ಅವರಿಗಾಗಿ ನಾವು ನಾಳೆ ಏನನ್ನು ಬದಲಿಸಬಲ್ಲೆವು?