ಒಳಹಳ್ಳಿಯ ಶಾಲೆಗೆ ಎರಡನೇ ಶಿಕ್ಷಕರು: ಕೇಳುವುದು ಹೇಗೆ?

ಒಂದರಿಂದ ಐದನೇ ತರಗತಿವರೆಗಿನ ಶಾಲೆ. ಶಿಕ್ಷಕಿ ಒಬ್ಬರೇ. ನಲಿ-ಕಲಿಯ ಚಿಕ್ಕ ಮಕ್ಕಳನ್ನು ಒಂದು ಕಡೆ ಕೂರಿಸಿ, ನಾಲ್ಕು-ಐದನೆಯವರಿಗೆ ಬೋರ್ಡಿನ ಮೇಲೆ ಲೆಕ್ಕ ಬರೆದು, ನಡುವೆ ಬಿಸಿಯೂಟದ ಪುಸ್ತಕವನ್ನೂ ತುಂಬುತ್ತಾರೆ. ಅಕ್ಕೋರು ತಾಲ್ಲೂಕು ಕೇಂದ್ರದ ಸಭೆಗೆ ಹೋದ ದಿನ ಶಾಲೆ ಅಡುಗೆಯವರ ಕೈಯಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳ ಪಾಲಕರು ಇದನ್ನು ಬಲ್ಲರು. ‘ಮಕ್ಕಳೇ ಕಡಿಮೆ, ಒಬ್ಬರು ಸಾಕು’ ಎಂಬ ಉತ್ತರವನ್ನೂ ಕೇಳಿರುತ್ತಾರೆ. ಆ ಉತ್ತರ ಕಾನೂನಿಗೆ ಒಪ್ಪುವಂಥದ್ದಲ್ಲ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ, ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರಿರಬೇಕು. ಹತ್ತೇ ಮಕ್ಕಳಿದ್ದರೂ ಇಬ್ಬರೇ. ಕಲಂ 26ರಂತೆ ಯಾವುದೇ ಸರ್ಕಾರಿ ಶಾಲೆಯಲ್ಲಿ ಖಾಲಿ ಹುದ್ದೆ ಶೇ 10ನ್ನು ಮೀರಬಾರದು. ಎರಡು ಹುದ್ದೆಯ ಶಾಲೆಯಲ್ಲಿ ಒಂದು ಖಾಲಿಯಿದ್ದರೆ ಅದು ಶೇ 50. ಬೋಧಕ ಸಿಬ್ಬಂದಿಯನ್ನು ಆರು ತಿಂಗಳೊಳಗೆ ಒದಗಿಸಿ ಎಂದು ಸುಪ್ರೀಂ ಕೋರ್ಟ್ 2012ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಹೇಳಿದೆ.

ಶಿಕ್ಷಕರು ಬಂದರೂ ನಿಲ್ಲುವುದಿಲ್ಲ ಏಕೆ? ಅವರನ್ನು ದೂರುವ ಮೊದಲು ಸಂಬಳದ ಚೀಟಿ ನೋಡಬೇಕು. ಏಳನೇ ವೇತನ ಆಯೋಗದ ನಂತರ, 2024ರ ಆಗಸ್ಟ್‌ನಿಂದ ಬೆಂಗಳೂರಿನ ನೌಕರರಿಗೆ ಮನೆ ಬಾಡಿಗೆ ಭತ್ಯೆ ಮೂಲವೇತನದ ಶೇ 20, ನಮ್ಮ ತಾಲ್ಲೂಕುಗಳಲ್ಲಿ ಶೇ 7.5. ಹಳ್ಳಿಯಲ್ಲಿ ಬಾಡಿಗೆ ಕಡಿಮೆ ಎಂಬುದು ಲೆಕ್ಕಾಚಾರ. ಆದರೆ ಅಲ್ಲಿ ಬಾಡಿಗೆಗೆ ಮನೆಯೇ ಸಿಗುವುದಿಲ್ಲ. ಪೇಟೆಯಲ್ಲಿ ಮನೆ ಮಾಡಿ, ಮಳೆಗಾಲದಲ್ಲಿ ಘಟ್ಟದ ರಸ್ತೆಯಲ್ಲಿ ಬೈಕ್ ಓಡಿಸಿಕೊಂಡು ಬರುವವರಿಗೆ ಆ ಶೇ 7.5 ಪೆಟ್ರೋಲಿಗೇ ಹೋಗುತ್ತದೆ. ಕೊರತೆ ಹೆಚ್ಚಿರುವ ಗ್ರಾಮೀಣ ಭಾಗದ ಶಿಕ್ಷಕರಿಗೆ ಪ್ರೋತ್ಸಾಹಧನ, ಶಾಲೆಯ ಬಳಿಯೇ ವಸತಿ ಅಥವಾ ಹೆಚ್ಚಿನ ಬಾಡಿಗೆ ಭತ್ಯೆ ಕೊಡಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾ ದೂರದ ಶಾಲೆಗಳಿಗೆ ಹೋಗುವವರಿಗೆ ವೇತನದ ಶೇ 30ರಿಂದ 40ರಷ್ಟು ಹೆಚ್ಚುವರಿ ಭತ್ಯೆ ಕೊಟ್ಟಿದೆ. ನಮ್ಮಿಂದ ಆಗದ್ದೇನಲ್ಲ.

ಒಂದು ವ್ಯತ್ಯಾಸ ನೆನಪಿರಲಿ. ಪ್ರೋತ್ಸಾಹಧನ ನೀತಿಯ ಮಾತು, ಅದನ್ನು ಹಕ್ಕೆಂದು ಕೇಳಲಾಗದು. ಶಿಕ್ಷಕರು ಮಾತ್ರ ಮಕ್ಕಳ ಹಕ್ಕು.

ಮೊದಲು ದಾಖಲೆ ಪಡೆಯಿರಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು, ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಎಂದಿನಿಂದ ಎಂದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಕಲಂ 22ರಂತೆ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಕೆಲಸ. ಬೇಕಿರುವ ಶಿಕ್ಷಕರ ಸಂಖ್ಯೆಯನ್ನು ಅದರಲ್ಲಿ ಬರೆಸಿ, ವಸತಿ ಮತ್ತು ಭತ್ಯೆಯ ಬೇಡಿಕೆಯನ್ನೂ ಠರಾವಿಗೆ ಸೇರಿಸಿ. ಅತಿಥಿ ಶಿಕ್ಷಕರನ್ನು ಕೊಟ್ಟರೆ ಬೇಡ ಎನ್ನಬೇಡಿ. ಆದರೆ ಅದರಿಂದ ಕಾಯಂ ಹುದ್ದೆ ತುಂಬಿದಂತಾಗುವುದಿಲ್ಲ ಎಂದು ಠರಾವಿನಲ್ಲೇ ದಾಖಲಿಸಿ.

ಆಮೇಲೆ ಕಲಂ 32ರ ದೂರು. ಇದು ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಹೋಗಬೇಕು. ಒಂದು ಪ್ರತಿಯನ್ನು ಶಿರಸಿಯ ಉಪನಿರ್ದೇಶಕರ ಕಚೇರಿಗೂ ಕೊಡಿ. ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ದೂರು ಕೊಟ್ಟ ದಿನವೇ ಸೀಲು, ದಿನಾಂಕ ಇರುವ ಸ್ವೀಕೃತಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ.