ಶ್ವಾಸಕೋಶದ ಕ್ಯಾನ್ಸರ್‌: ಹೊಸ ಚಿಕಿತ್ಸಾ ವಿಧಾನಗಳು



ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 85ರಷ್ಟು ‘ಸಣ್ಣಕೋಶೇತರ’ ಬಗೆಯವು. ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಕೀಮೋಥೆರಪಿಗಳ ಜೊತೆಗೆ ಈಗ ಎರಡು ಹೊಸ ಮಾರ್ಗಗಳು ಬಳಕೆಗೆ ಬಂದಿವೆ. ಮೊದಲನೆಯದಾದ ಉದ್ದೇಶಿತ ಚಿಕಿತ್ಸೆಯು ಕ್ಯಾನ್ಸರ್ ಕೋಶದ ಬೆಳವಣಿಗೆಗೆ ಕಾರಣವಾದ ನಿರ್ದಿಷ್ಟ ಜೀನ್ ಬದಲಾವಣೆಯ ಪರಿಣಾಮವನ್ನು ತಡೆಯುತ್ತದೆ. ಧೂಮಪಾನ ಮಾಡದವರಲ್ಲಿಯೂ ಗಣನೀಯವಾಗಿ ಕಂಡುಬರುವ ಇಜಿಎಫ್‌ಆರ್ ಜೀನ್ ಬದಲಾವಣೆಗೆ ಒಸಿಮರ್ಟಿನಿಬ್, ಎಎಲ್‌ಕೆ ಬದಲಾವಣೆಗೆ ಕ್ರಿಜೋಟಿನಿಬ್ ಇದಕ್ಕೆ ಉದಾಹರಣೆಗಳಾಗಿದ್ದು, ಇವೆರಡೂ ಬಾಯಿಯ ಮೂಲಕ ಸೇವಿಸುವ ಔಷಧಗಳಾಗಿವೆ. ಜೀನ್ ಬದಲಾವಣೆಗೆ ತಕ್ಕಂತೆ ಔಷಧವೂ ಬೇರೆಯಾಗುವುದರಿಂದ ಬಯಾಪ್ಸಿಯಲ್ಲಿ ತೆಗೆದ ಅಂಗಾಂಶದ ಜೀನ್ ಪರೀಕ್ಷೆಯು ಔಷಧದಷ್ಟೇ ಮುಖ್ಯವಾದುದು. ಅದಿಲ್ಲದೆ ಯಾವ ರೋಗಿಗೆ ಯಾವ ಮಾತ್ರೆ ಎಂಬುದು ನಿರ್ಧಾರವಾಗದು.

ಎರಡನೆಯದು ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯ ಮೇಲೆ ಕ್ಯಾನ್ಸರ್ ಕೋಶಗಳು ಹಾಕುವ ತಡೆಯನ್ನು ತೆಗೆದು, ಟಿ-ಕೋಶಗಳು ಅವುಗಳ ಮೇಲೆ ದಾಳಿ ಮಾಡುವಂತೆ ಮಾಡುವ ವಿಧಾನ. ಇದಕ್ಕೆ ತಳಹದಿ ಹಾಕಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರ ವೈದ್ಯಕೀಯ ನೊಬೆಲ್ ದೊರೆಯಿತು. ಪೆಂಬ್ರೊಲಿಜುಮಾಬ್, ಡರ್ವಲುಮಾಬ್ ಈ ವರ್ಗದ ಔಷಧಗಳು.

ಈ ಎರಡೂ ಬಗೆಯ ಔಷಧಗಳ ದುಬಾರಿ ಬೆಲೆಯೇ ಗ್ರಾಮೀಣ ಕುಟುಂಬಗಳಿಗೆ ಬಹುದೊಡ್ಡ ಅಡ್ಡಿಯಾಗಿರುವುದರಿಂದ, 2024ರ ಜುಲೈ 23ರ ಕೇಂದ್ರ ಬಜೆಟ್ ಮೂರು ಕ್ಯಾನ್ಸರ್ ಔಷಧಗಳಿಗೆ ಸೀಮಾಸುಂಕ ವಿನಾಯಿತಿ ಘೋಷಿಸಿದ್ದು ಗಮನಾರ್ಹ. ಅವು ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕಾನ್, ಒಸಿಮರ್ಟಿನಿಬ್ ಮತ್ತು ಡರ್ವಲುಮಾಬ್.